ಇರುಳಲ್ಲಿ ಏಳುವವರಿಗೆ ಒಂದು ಮಾತು

ಅರವತ್ತು ದಾಟಿದ ನಾಲ್ವರು ಗಂಡಸರು ಜಗುಲಿಯ ಮೇಲೆ ಕುಳಿತರೆ ಮಾತು ಕಾಯಿಲೆಯತ್ತ ತಿರುಗಲು ಹೆಚ್ಚು ಹೊತ್ತು ಬೇಕಿಲ್ಲ. ಒಬ್ಬರು ಮಂಡಿನೋವಿನ ಕಥೆ ತೆಗೆಯುತ್ತಾರೆ. ಇನ್ನೊಬ್ಬರು ಸಕ್ಕರೆ ಕಾಯಿಲೆಯ ಲೆಕ್ಕವನ್ನು ಪರೀಕ್ಷೆಯ ಅಂಕಗಳಂತೆ ಒಪ್ಪಿಸುತ್ತಾರೆ. ಮೂರನೆಯವರು ಕಣ್ಣಿನ ಪೊರೆ ತೆಗೆಸಿದ ದಿನವನ್ನು ವರ್ಣಿಸುತ್ತಾರೆ. ಆದರೆ ಆ ನಾಲ್ವರಲ್ಲಿ ಒಬ್ಬಿಬ್ಬರಿಗಾದರೂ ಇರಬಹುದಾದ ಒಂದು ತೊಂದರೆಯ ಮಾತನ್ನು ಮಾತ್ರ ಯಾರೂ ಎತ್ತುವುದಿಲ್ಲ. ಮೂತ್ರದ ಕಷ್ಟವನ್ನು ಹೇಳಿಕೊಳ್ಳುವುದು ಸಭ್ಯತೆಯಲ್ಲವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆ ಸಂಕೋಚವನ್ನು ಬದಿಗಿಟ್ಟು, ವಯಸ್ಸಾದ ಗಂಡಸರ ಪ್ರೋಸ್ಟೇಟ್ ಗ್ರಂಥಿಯ ವಿಚಾರವಾಗಿಯೂ, ಅದಕ್ಕೂ ನಮ್ಮ ಊಟಕ್ಕೂ ಇರುವ ಸಂಬಂಧದ ವಿಚಾರವಾಗಿಯೂ ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಮೊದಲು ನನ್ನದೇ ಕಥೆ. ನಾನು ಮೂವತ್ತೈದು ವರ್ಷ ವೈದ್ಯವೃತ್ತಿಯಲ್ಲಿ ಕಳೆದವನು. ಅರವತ್ತಾರರ ವಯಸ್ಸಿನಲ್ಲಿ ರಾತ್ರಿ ಮೂರು ನಾಲ್ಕು ಸಲ ಏಳತೊಡಗಿದಾಗ, ಬಚ್ಚಲಿನಲ್ಲಿ ನಿಂತು ಕಾಯಬೇಕಾಗಿ ಬಂದಾಗ, ಅದು ಏನೆಂಬುದು ನನಗೆ ತಿಳಿಯದೆ ಇರಲಿಲ್ಲ. ತಿಳಿದೂ ಎರಡು ವರ್ಷ ಯಾರಿಗೂ ಹೇಳಲಿಲ್ಲ. ಕೊನೆಗೊಮ್ಮೆ ತಂಗಿಯ ಮಗಳ ಮದುವೆಗೆಂದು ಮೈಸೂರಿನಿಂದ ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಹೊರಟೆ. ಮನೆಯವರು ಎರಡು ದಿನ ಮೊದಲೇ ಹೋಗಿದ್ದರು. ದಾರಿಯಲ್ಲಿ ಇಳಿಯಬೇಕಾದೀತೆಂದು ಬೆಳಗಿನಿಂದ ಒಂದು ಲೋಟ ನೀರನ್ನೂ ಕುಡಿದಿರಲಿಲ್ಲ. ನೆಗಡಿಯಾಗಿತ್ತೆಂದು ಹಿಂದಿನ ರಾತ್ರಿಯಿಂದ ಮಾತ್ರೆ ನುಂಗುತ್ತಿದ್ದೆ. ಅರಸೀಕೆರೆಯಲ್ಲಿ ಬಸ್ಸು ನಿಂತಾಗ ಇಳಿದು ಹೋದೆ. ಒಂದು ಹನಿಯೂ ಬರಲಿಲ್ಲ. ಹೊಟ್ಟೆಯ ಕೆಳಭಾಗ ಕಲ್ಲಿನಂತೆ ಬಿಗಿದಿತ್ತು; ನೋವಿನಿಂದ ನಿಲ್ಲಲಾಗಲಿಲ್ಲ. ಬಸ್ಸು ನನ್ನನ್ನು ಬಿಟ್ಟು ಹೋಯಿತು.

ಆ ಊರಿನ ಆಸ್ಪತ್ರೆಯೊಂದರಲ್ಲಿ, ನನ್ನ ಮಗನಿಗಿಂತ ಚಿಕ್ಕವರಾದ ತರುಣ ವೈದ್ಯರು ಕೊಳವೆ ಹಾಕಿ ಮುಕ್ಕಾಲು ಲೀಟರಿಗೂ ಹೆಚ್ಚು ಮೂತ್ರವನ್ನು ಹೊರತೆಗೆದರು. “ಎಷ್ಟು ದಿನದಿಂದ ತೊಂದರೆ ಇದೆ, ಸಾರ್?” ಎಂದು ಕೇಳಿದರು. “ಎರಡು ವರ್ಷ” ಎಂದೆ. “ತಾವು ಏನು ಕೆಲಸದಲ್ಲಿದ್ದಿರಿ?” ಎಂಬುದು ಮುಂದಿನ ಪ್ರಶ್ನೆ. ಅದಕ್ಕೆ ಉತ್ತರ ಹೇಳುವಾಗ ಆದ ನಾಚಿಕೆಯ ಮುಂದೆ, ನಾನು ಎರಡು ವರ್ಷ ಮುಚ್ಚಿಟ್ಟ ನಾಚಿಕೆ ಏನೇನೂ ಅಲ್ಲ. ಮದುವೆಯ ಮುಹೂರ್ತದ ಹೊತ್ತಿಗೆ ನಾನು ಆ ಆಸ್ಪತ್ರೆಯ ಮಂಚದ ಮೇಲೆಯೇ ಇದ್ದೆ.

ಪ್ರೋಸ್ಟೇಟ್ ಗಂಡಸರಿಗೆ ಮಾತ್ರ ಇರುವ ಗ್ರಂಥಿ. ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಉಂಗುರದಂತೆ ಸುತ್ತಿಕೊಂಡು ಕುಳಿತಿದೆ. ವೀರ್ಯದ ದ್ರವದಲ್ಲಿ ಒಂದು ಪಾಲನ್ನು ಒದಗಿಸುವುದು ಅದರ ಕೆಲಸ. ಯೌವನದಲ್ಲಿ ಅಕ್ರೋಟು ಕಾಯಿಯಷ್ಟು ಗಾತ್ರ, ಸುಮಾರು 20 ಗ್ರಾಂ ತೂಕ. ನಲವತ್ತರ ಅನಂತರ ಇದು ನಿಧಾನವಾಗಿ ಬೆಳೆಯತೊಡಗುತ್ತದೆ. ಐವತ್ತರಿಂದ ಅರವತ್ತರೊಳಗಿನವರಲ್ಲಿ ಸುಮಾರು ಅರ್ಧ ಮಂದಿಯ ಗ್ರಂಥಿಯಲ್ಲಿ ಸೂಕ್ಷ್ಮದರ್ಶಕಕ್ಕೆ ಕಾಣುವಂಥ ಬೆಳವಣಿಗೆ ಇರುತ್ತದೆ. ಎಂಬತ್ತು ದಾಟಿದವರಲ್ಲಿ ಹತ್ತಕ್ಕೆ ಎಂಟು ಮಂದಿಗಾದರೂ ಇರುತ್ತದೆ. ಎಲ್ಲರಿಗೂ ಅದರಿಂದ ತೊಂದರೆಯಾಗುವುದಿಲ್ಲ. ತೊಂದರೆಯಾಗುವುದು, ಬೆಳೆದ ಗ್ರಂಥಿ ಮೂತ್ರನಾಳವನ್ನು ಒತ್ತಿದಾಗ. ಸುಶ್ರುತ ಸಂಹಿತೆ ಹನ್ನೆರಡು ಬಗೆಯ ಮೂತ್ರಾಘಾತಗಳನ್ನು ಹೇಳುವಾಗ ‘ವಾತಾಷ್ಠೀಲಾ’ ಎಂಬುದನ್ನು ವರ್ಣಿಸುತ್ತದೆ: ಮಲಮಾರ್ಗಕ್ಕೂ ಮೂತ್ರಾಶಯಕ್ಕೂ ನಡುವೆ ಗಟ್ಟಿಯಾಗಿ ಉಬ್ಬಿನಿಂತು ಮೂತ್ರವನ್ನು ತಡೆಯುವ ಗಂಟು. ನಮ್ಮ ಹಿರಿಯರು ಈ ಕಷ್ಟವನ್ನು ಬಲ್ಲವರಾಗಿದ್ದರು ಎನ್ನಲು ಇಷ್ಟು ಸಾಕು.

ಗ್ರಂಥಿ ಏಕೆ ಬೆಳೆಯುತ್ತದೆ? ವೃಷಣಗಳಿಂದ ಬರುವ ಟೆಸ್ಟೋಸ್ಟೆರೋನ್ ಎಂಬ ಹಾರ್ಮೋನು ಗ್ರಂಥಿಯೊಳಗೆ ಇನ್ನೂ ಪ್ರಬಲವಾದ ರೂಪಕ್ಕೆ ಮಾರ್ಪಡುತ್ತದೆ. ಬೆಳವಣಿಗೆಗೆ ಒತ್ತಾಸೆ ಅದರದ್ದು. 1974ರಲ್ಲಿ ಡೊಮಿನಿಕನ್ ಗಣರಾಜ್ಯದ ಕೆಲವು ಕುಟುಂಬಗಳ ಅಧ್ಯಯನ ಪ್ರಕಟವಾಯಿತು. ಈ ಮಾರ್ಪಾಡನ್ನು ಮಾಡುವ ಕಿಣ್ವವು ಹುಟ್ಟಿನಿಂದಲೇ ಕೊರತೆಯಾಗಿದ್ದ ಆ ಗಂಡಸರಲ್ಲಿ ಪ್ರೋಸ್ಟೇಟ್ ಚಿಕ್ಕದಾಗಿಯೇ ಉಳಿದಿತ್ತು. ಆ ತಿಳಿವಳಿಕೆಯ ಫಲವಾಗಿ ಗ್ರಂಥಿಯನ್ನು ಕುಗ್ಗಿಸುವ ಔಷಧ 1992ರಲ್ಲಿ ಬಳಕೆಗೆ ಬಂತು.

ಇಲ್ಲಿ ಊಟದ ಪ್ರಶ್ನೆ ಬರುತ್ತದೆ. “ಏನು ತಿಂದರೆ ಇದು ಕರಗುತ್ತದೆ, ಡಾಕ್ಟರೇ?” ಎಂದು ಎಷ್ಟೋ ಮಂದಿ ನನ್ನನ್ನು ಕೇಳಿದ್ದಾರೆ. ಹಾರ್ಮೋನು ಬೆಳೆಸಿದ ಗಂಟನ್ನು ಕರಗಿಸುವ ತಿನಿಸು ಯಾವುದೂ ಇಲ್ಲ. ಕುಂಬಳದ ಬೀಜ ಒಳ್ಳೆಯ ಆಹಾರವೇ. ಆದರೆ ಅದನ್ನು ನಂಬಿ ಔಷಧವನ್ನು ಬಿಡಬಾರದು. ಸಾ ಪಾಮೆಟೊ ಎಂಬ ಅಮೆರಿಕದ ಕುಳ್ಳು ತಾಳೆಯ ಹಣ್ಣಿನ ಸಾರವನ್ನು ಮಾತ್ರೆಯಾಗಿ ಮಾರುತ್ತಾರೆ. 2006ರಲ್ಲೂ 2011ರಲ್ಲೂ ಪ್ರಕಟವಾದ ಎಚ್ಚರಿಕೆಯ ಪ್ರಯೋಗಗಳಲ್ಲಿ ಅದು ಬರಿಯ ಹುಸಿಮಾತ್ರೆಗಿಂತ ಮೇಲೆನಿಸಲಿಲ್ಲ. ಇನ್ನು ಪ್ರೋಸ್ಟೇಟಿನ ಕ್ಯಾನ್ಸರನ್ನು ತಡೆಯಬಹುದೆಂದು 2001ರಲ್ಲಿ ಅಮೆರಿಕದಲ್ಲಿ ಮೂವತ್ತೈದು ಸಾವಿರಕ್ಕೂ ಹೆಚ್ಚು ಗಂಡಸರಿಗೆ ‘ಇ’ ಜೀವಸತ್ವವನ್ನೂ ಸೆಲೆನಿಯಮನ್ನೂ ಕೊಟ್ಟು ನೋಡುವ ಪ್ರಯೋಗ ಆರಂಭವಾಯಿತು. ಲಾಭ ಕಾಣದೆ 2008ರಲ್ಲಿ ಮಾತ್ರೆಗಳನ್ನು ನಿಲ್ಲಿಸಿದರು. 2011ರಲ್ಲಿ ಲೆಕ್ಕ ಹಾಕಿದಾಗ, ‘ಇ’ ಜೀವಸತ್ವವನ್ನಷ್ಟೇ ನುಂಗಿದವರಲ್ಲಿ ಕ್ಯಾನ್ಸರು ಶೇಕಡಾ 17ರಷ್ಟು ಹೆಚ್ಚಾಗಿತ್ತು. ಒಳ್ಳೆಯದೆಂದು ಕೇಳಿದ್ದನ್ನೆಲ್ಲ ಅಂಗಡಿಯಿಂದ ತಂದು ನುಂಗುವವರು ಇದನ್ನು ನೆನಪಿನಲ್ಲಿಡಬೇಕು.

ಹಾಗಾದರೆ ಊಟದಿಂದ ಪ್ರಯೋಜನವೇ ಇಲ್ಲವೆ? ಇದೆ, ಅದು ಗಂಟನ್ನು ಕರಗಿಸುವುದಿಲ್ಲ, ಕಷ್ಟವನ್ನು ಇಳಿಸುತ್ತದೆ. ಮೊದಲನೆಯದು ಉಪ್ಪು. ಹೆಚ್ಚು ಉಪ್ಪು ತಿಂದ ದೇಹ ಅದನ್ನು ಹೊರಹಾಕಲು ರಾತ್ರಿಯಲ್ಲೂ ಮೂತ್ರವನ್ನು ಹೆಚ್ಚಾಗಿ ಸುರಿಸುತ್ತದೆ. ಜಪಾನಿನ ನಾಗಸಾಕಿಯ ವೈದ್ಯರು 2017ರಲ್ಲಿ ವರದಿ ಮಾಡಿದಂತೆ, ದಿನದ ಉಪ್ಪನ್ನು 10.7 ಗ್ರಾಮಿನಿಂದ 8 ಗ್ರಾಮಿಗೆ ಇಳಿಸಿದವರು ರಾತ್ರಿ ಏಳುವುದು ಸರಾಸರಿ 2.3 ಸಲದಿಂದ 1.4ಕ್ಕೆ ಇಳಿಯಿತು. ರಾತ್ರಿಯ ಊಟದಲ್ಲಿ ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿ ಮೂರನ್ನೂ ಬಡಿಸಿಕೊಳ್ಳುವ ನಮಗೆ ಇದು ಹೇಳಿಸಿದ ಮಾತು. ಎರಡನೆಯದು ಮಲಬದ್ಧತೆ. ತುಂಬಿದ ಮಲಾಶಯ ಪಕ್ಕದ ಮೂತ್ರಕೋಶವನ್ನು ಒತ್ತುತ್ತದೆ. ರಾಗಿ, ಹುರುಳಿ, ಹೆಸರುಕಾಳು, ಸೊಪ್ಪು ಇವು ನಮ್ಮ ಅಡಿಗೆಮನೆಯಲ್ಲೇ ಇರುವ ಮದ್ದು. ಮೂರನೆಯದು ಸಂಜೆಯ ಕಾಫಿ. ಬೆಳಗಿನದನ್ನು ನಾನೂ ಬಿಟ್ಟಿಲ್ಲ, ಸಂಜೆಯದನ್ನು ಬಿಟ್ಟಿದ್ದೇನೆ. ಬೊಜ್ಜು ಮತ್ತು ಸಕ್ಕರೆ ಕಾಯಿಲೆ ಇರುವವರಲ್ಲಿ ಗ್ರಂಥಿಯ ತೊಂದರೆ ಹೆಚ್ಚು. ದಿನವೂ ನಡೆಯುವವರಲ್ಲಿ ಕಡಿಮೆ.

ನೀರಿನ ವಿಚಾರವನ್ನು ಬೇರೆಯಾಗಿಯೇ ಹೇಳಬೇಕು. ನಾನು ಮಾಡಿದ ತಪ್ಪನ್ನು ಯಾರೂ ಮಾಡಬೇಡಿ. ಹಗಲಿನಲ್ಲಿ ನೀರು ಬಿಟ್ಟರೆ ಮೂತ್ರ ಗಟ್ಟಿಯಾಗಿ ಮೂತ್ರಕೋಶವನ್ನು ಕೆರಳಿಸುತ್ತದೆ. ಸೋಂಕಿಗೂ ಕಲ್ಲಿಗೂ ದಾರಿಯಾಗುತ್ತದೆ. ಹಗಲು ಸಾಕಷ್ಟು ಕುಡಿದು, ಮಲಗುವ ಎರಡು ಮೂರು ಗಂಟೆ ಮೊದಲು ಮಿತಗೊಳಿಸಿದರೆ ಸಾಕು. ವೈದ್ಯರನ್ನು ಕೇಳದೆ ನೆಗಡಿಯ ಮಾತ್ರೆಯನ್ನೂ ನುಂಗಬೇಡಿ. ಮೂಗಿನ ಕಟ್ಟನ್ನು ಬಿಡಿಸುವ ಔಷಧ ಮೂತ್ರವನ್ನು ಕಟ್ಟಿಸಬಲ್ಲುದು.

ರಾತ್ರಿ ಏಳುವುದೆಲ್ಲ ಪ್ರೋಸ್ಟೇಟಿನಿಂದಲೇ ಅಲ್ಲ. ಸಕ್ಕರೆ ಕಾಯಿಲೆಯೂ ಇರಬಹುದು. ಗ್ರಂಥಿ ಬೆಳೆಯುವುದು ಕ್ಯಾನ್ಸರ್ ಅಲ್ಲ. ಆದರೆ ಆರಂಭದ ಕ್ಯಾನ್ಸರ್ ಸದ್ದಿಲ್ಲದೆ ಇರಬಲ್ಲುದಾದ್ದರಿಂದ, ಬೆರಳಿನ ಪರೀಕ್ಷೆ, ರಕ್ತದ ಪಿ.ಎಸ್.ಎ. ಪರೀಕ್ಷೆಗಳು ಬೇಕೇ ಎಂಬುದನ್ನು ವೈದ್ಯರೊಡನೆ ವಿಚಾರಿಸಿ. ಮೂತ್ರದಲ್ಲಿ ರಕ್ತ ಕಂಡರೆ ಒಂದು ದಿನವೂ ತಡೆಯಬೇಡಿ. ತಡೆಯೊಡ್ಡಿದ ಮೂತ್ರ ಬಹುಕಾಲ ಹಿಂದಕ್ಕೆ ಒತ್ತಿದರೆ ಮೂತ್ರಪಿಂಡಗಳೇ ಕೆಡುತ್ತವೆ. ನಾಳದ ಸ್ನಾಯುವನ್ನು ಸಡಿಲಿಸುವ ಔಷಧವಿದೆ, ಗ್ರಂಥಿಯನ್ನು ಕುಗ್ಗಿಸುವ ಔಷಧವಿದೆ, ಹೊಟ್ಟೆಯನ್ನು ಕೊಯ್ಯದೆ ಮೂತ್ರಮಾರ್ಗದಿಂದಲೇ ಮಾಡುವ ಶಸ್ತ್ರಚಿಕಿತ್ಸೆಯಿದೆ. ನನಗೆ ಔಷಧವೇ ಸಾಕಾಯಿತು.

ಮದುವೆ ಮುಗಿಸಿ ಆಸ್ಪತ್ರೆಗೆ ಬಂದ ನನ್ನ ಹೆಂಡತಿ ಹೇಳಿದ ಮಾತನ್ನು ನಿಮಗೂ ಹೇಳಿ ಮುಗಿಸುತ್ತೇನೆ. “ನೀವು ರಾತ್ರಿ ಎಷ್ಟು ಸಲ ಏಳುತ್ತೀರೆಂದು ನನಗೆ ತಿಳಿಯದೆಂದು ಎಣಿಸಿದಿರಾ? ಪ್ರತಿ ಸಲವೂ ನೀವು ಮರಳಿ ಬಂದು ಮಲಗುವವರೆಗೆ ಎಚ್ಚರವಾಗಿಯೇ ಇರುತ್ತಿದ್ದೆ. ವೈದ್ಯರಲ್ಲವೇ, ನಿಮಗೇ ಗೊತ್ತಿರುತ್ತದೆ ಎಂದುಕೊಂಡೆ.” ಎರಡು ವರ್ಷ ಒಂದೇ ಕೋಣೆಯಲ್ಲಿ ಇಬ್ಬರೂ ನಿದ್ದೆಗೆಟ್ಟಿದ್ದೆವು, ಒಬ್ಬರೂ ಬಾಯಿ ಬಿಡಲಿಲ್ಲ. ಈ ಮಾತನ್ನು ಕೇಳುತ್ತಿರುವ ಮನೆಗಳಲ್ಲಿ ಅಂಥ ಹಿರಿಯರಿದ್ದರೆ, ನಾಳೆ ಬೆಳಿಗ್ಗೆ ಅವರನ್ನು ಒಂದು ಮಾತು ಕೇಳಿ. ಅವರಾಗಿ ಹೇಳಲಿ ಎಂದು ಕಾಯಬೇಡಿ.