ಕರೆಯದೆ ಬರುವ ಯೋಚನೆಗಳು

(ಧರ್ಮಕೇಂದ್ರಗಳ ಆರೋಗ್ಯ ಕಾರ್ಯಕರ್ತೆಯರು ಮತ್ತು ಸ್ವಸಹಾಯ ಸಂಘಗಳ ಪ್ರತಿನಿಧಿಗಳಿಗಾಗಿ ನಡೆದ ಮಾನಸಿಕ ಆರೋಗ್ಯ ತರಬೇತಿಯಲ್ಲಿ ನೀಡಿದ ಉಪನ್ಯಾಸ)



ಹೋದ ತರಬೇತಿಯಲ್ಲಿ ನಾವು ಖಿನ್ನತೆಯ ವಿಷಯ ಮಾತಾಡಿದೆವು. ಕೊನೆಯಲ್ಲಿ ಬಂದ ಚೀಟಿಗಳಲ್ಲಿ ಒಂದರಲ್ಲಿ ಹೀಗೆ ಬರೆದಿತ್ತು: "ಬಲಿಪೂಜೆಯಲ್ಲಿ ನಿಂತಾಗಲೇ ಹೊಲಸು ಯೋಚನೆ ಬರುತ್ತೆ. ಪಾಪನಿವೇದನೆ ಮಾಡಿದ್ರೂ ಹೋಗಲ್ಲ. ನಾನು ಅಷ್ಟು ಕೆಟ್ಟವಳಾ?" ಹೆಸರಿರಲಿಲ್ಲ, ಬೇಕಾಗಿಯೂ ಇಲ್ಲ. ಈ ಪ್ರಶ್ನೆಯನ್ನು ನಾವು ಮನೆ ಭೇಟಿಗಳಲ್ಲಿ ಎಷ್ಟೋ ಬಾರಿ ಕೇಳಿದ್ದೇವೆ. ಇಂದಿನ ಮಾತು ಅದಕ್ಕೇ ಮೀಸಲು.

ಮೊದಲು ಒಂದು ಸಂಗತಿ ತಿಳಿದುಕೊಳ್ಳೋಣ. ಬಾವಿ ಕಟ್ಟೆ ಹತ್ತಿರ ನಿಂತಾಗ "ಹಾರಿಬಿಟ್ರೆ?" ಎಂದು ಮನಸ್ಸಿನಲ್ಲಿ ಮಿಂಚಿ ಹೋಗುವುದಿಲ್ಲವೇ? ಎಲ್ಲರೂ ಮೌನವಾಗಿ ಮೊಣಕಾಲೂರಿದ್ದಾಗ "ಈಗ ಕೂಗಿಬಿಟ್ರೆ?" ಅನ್ನಿಸುವುದಿಲ್ಲವೇ? ಲಂಡನ್ನಿನಲ್ಲಿ ರಾಕ್ಮನ್ ಮತ್ತು ಡಿ ಸಿಲ್ವಾ ಎಂಬ ಇಬ್ಬರು ಮನೋವಿಜ್ಞಾನಿಗಳು ಯಾವ ಕಾಯಿಲೆಯೂ ಇಲ್ಲದ ಜನರನ್ನು ಇದೇ ಪ್ರಶ್ನೆ ಕೇಳಿ 1978ರಲ್ಲಿ ವರದಿ ಪ್ರಕಟಿಸಿದರು. ನೂರರಲ್ಲಿ ಸುಮಾರು 80 ಮಂದಿ ಹೌದು ಎಂದಿದ್ದರು. ಅವರ ಯೋಚನೆಗಳನ್ನೂ ರೋಗಿಗಳ ಯೋಚನೆಗಳನ್ನೂ ಬೆರೆಸಿ ಕೊಟ್ಟಾಗ, ರೋಗಿಗಳದ್ದು ಯಾವುದು ಎಂದು ಗುರುತಿಸುವುದು ತಜ್ಞರಿಗೂ ಸುಲಭವಾಗಲಿಲ್ಲ. ಅಂದ ಮೇಲೆ ಕೆಟ್ಟ ಯೋಚನೆ ಬರುವುದೇ ರೋಗವಲ್ಲ. ಹೆಚ್ಚಿನವರಿಗೆ ಅದು ಬರುತ್ತದೆ, ಹೋಗುತ್ತದೆ, ಸಂಜೆಗೆ ನೆನಪೂ ಇರುವುದಿಲ್ಲ.

ಗೀಳು ಕಾಯಿಲೆ, ಡಾಕ್ಟರರು ಓಸಿಡಿ ಎನ್ನುತ್ತಾರಲ್ಲ, ಅದು ಇರುವವರಲ್ಲಿ ಆ ಯೋಚನೆ ಹೋಗುವುದಿಲ್ಲ. "ಇಂಥದ್ದು ನನಗೆ ಯಾಕೆ ಬಂತು? ನಾನು ಹಾಗೆ ಮಾಡಿಬಿಡ್ತೀನಾ?" ಎಂದು ಮನಸ್ಸು ಹಿಡಿದುಕೊಳ್ಳುತ್ತದೆ. ಭಯವಾಗುತ್ತದೆ. ಭಯ ಇಳಿಸಲು ಏನಾದರೂ ಮಾಡಬೇಕಾಗುತ್ತದೆ: ಕೈ ತೊಳೆಯುವುದು, ಎಣಿಸುವುದು, ಬಾಗಿಲ ಚಿಲಕ ಮತ್ತೆ ಮತ್ತೆ ನೋಡುವುದು, ಜಪವನ್ನು ಮೊದಲಿನಿಂದ ಹೇಳುವುದು, ಮನೆಯವರನ್ನು "ಏನೂ ಆಗಲ್ಲ ಅಲ್ವಾ?" ಎಂದು ಕೇಳುವುದು. ಮಾಡಿದಾಗ ಹತ್ತು ನಿಮಿಷ ಹಾಯೆನಿಸುತ್ತದೆ. ಆ ಹತ್ತು ನಿಮಿಷದ ಸಮಾಧಾನವೇ ಕಾಯಿಲೆಗೆ ಹಾಕುವ ಗೊಬ್ಬರ. ಮುಂದಿನ ಸಲ ಯೋಚನೆ ಇನ್ನೂ ಜೋರಾಗಿ ಬರುತ್ತದೆ. ನಮ್ಮಲ್ಲಿ ಕೈ ತೊಳೆಯುವವರನ್ನು ಕಂಡರೆ "ಮಡಿ ಹುಚ್ಚು" ಎಂದು ನಗುತ್ತಾರೆ. ಮನಸ್ಸಿನೊಳಗೇ ಎಣಿಸಿ, ಜಪಿಸಿ ದಣಿಯುವವರು ಕಣ್ಣಿಗೇ ಬೀಳುವುದಿಲ್ಲ. 2015–16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಸಾವಿರಕ್ಕೆ ಸುಮಾರು ಎಂಟು ಮಂದಿಗೆ ಈ ಕಾಯಿಲೆ ಇದೆ. ನಿಮ್ಮ ಧರ್ಮಕೇಂದ್ರದಲ್ಲಿ ಎಷ್ಟು ಜನರಿರಬಹುದು, ನೀವೇ ಲೆಕ್ಕ ಹಾಕಿ.

ನಮ್ಮ ಸಂತರಿಗೂ ಇದು ಹೊಸದಲ್ಲ. ಲೊಯೋಲಾದ ಸಂತ ಇಗ್ನೇಷಿಯಸ್ 1522ರಲ್ಲಿ ಮೂರು ದಿನ ತೆಗೆದುಕೊಂಡು, ಬರೆದಿಟ್ಟುಕೊಂಡು, ಇಡೀ ಜೀವನದ ಪಾಪನಿವೇದನೆ ಮಾಡಿದ್ದರು. ಆದರೂ ಮನ್ರೇಸಾ ಊರಿನಲ್ಲಿದ್ದಾಗ "ಏನೋ ಬಿಟ್ಟುಹೋಗಿದೆ" ಎಂಬ ಸಂಶಯ ಅವರನ್ನು ಬಿಡಲಿಲ್ಲ. ಮತ್ತೆ ಮತ್ತೆ ನಿವೇದನೆ ಮಾಡಿದರು. ದಿನಕ್ಕೆ ಏಳು ಗಂಟೆ ಮೊಣಕಾಲೂರಿದರು, ವಾರವಿಡೀ ಉಪವಾಸ ಮಾಡಿದರು. ಕೋಣೆಯಲ್ಲಿದ್ದ ದೊಡ್ಡ ಕಿಂಡಿಯಿಂದ ಹಾರಿಬಿಡಬೇಕು ಎನ್ನಿಸುವಷ್ಟು ನೊಂದರು. ಕೊನೆಗೆ, ಹಳೆಯ ಪಾಪಗಳನ್ನು ಇನ್ನು ನಿವೇದಿಸುವುದಿಲ್ಲ ಎಂದು ಗಟ್ಟಿ ಮನಸ್ಸು ಮಾಡಿದ ಮೇಲೆ ಬಿಡುಗಡೆಯಾಯಿತು. ಯೇಸುಸಭೆಯನ್ನು ಕಟ್ಟಿದವರ ಕಥೆ ಇದು. ಬಾಲಯೇಸುವಿನ ಸಂತ ತೆರೇಸಾ ಕೂಡ ಹನ್ನೆರಡರ ವಯಸ್ಸಿನಲ್ಲಿ ಒಂದೂವರೆ ವರ್ಷ ಹೀಗೇ ನರಳಿದರು. ಈ ಸಂಕಟಕ್ಕೆ ಧರ್ಮಸಭೆಯಲ್ಲಿ ಬಳಸುವ ಲ್ಯಾಟಿನ್ ಪದಕ್ಕೆ "ಚೂಪಾದ ಸಣ್ಣ ಕಲ್ಲು" ಎಂದು ಅರ್ಥ. ಚಪ್ಪಲಿಯೊಳಗೆ ಸೇರಿದ ಹರಳು ಎಂದರೆ ನಮ್ಮವರಿಗೆ ತಕ್ಷಣ ಅರ್ಥವಾದೀತು.

ಮಾರಕ ಪಾಪಕ್ಕೆ ಗಂಭೀರ ವಿಷಯ, ಪೂರ್ಣ ಅರಿವು, ಮನಃಪೂರ್ವಕ ಒಪ್ಪಿಗೆ ಮೂರೂ ಬೇಕು ಎಂಬುದು ಧರ್ಮಸಭೆಯ ಬೋಧನೆ. ತಾನಾಗಿ ನುಗ್ಗಿ, ನಮ್ಮನ್ನೇ ಹೆದರಿಸುವ ಯೋಚನೆಗೆ ಒಪ್ಪಿಗೆ ಎಲ್ಲಿಂದ ಬಂತು? ಆದರೆ ಇಲ್ಲೊಂದು ಎಚ್ಚರಿಕೆ ಬೇಕು. ಗೀಳು ಬಹಳ ಜಾಣ. ಇದನ್ನು ಕೇಳಿದ ಕೂಡಲೇ "ನಾನು ಒಪ್ಪಿದೆನೋ ಇಲ್ಲವೋ?" ಎಂದು ಹೊಸ ಲೆಕ್ಕ ಶುರು ಮಾಡುತ್ತದೆ. ಆ ಲೆಕ್ಕಕ್ಕೆ ಕೈ ಹಾಕಬೇಡಿ. ಒಬ್ಬರೇ ಗುರುಗಳನ್ನು ಆರಿಸಿಕೊಳ್ಳಿ, ಕಾಯಿಲೆಯ ವಿಷಯ ಅವರಿಗೆ ತಿಳಿಸಿ, ಅವರು "ಸಾಕು" ಎಂದರೆ ಸಾಕು. ಇಲ್ಲಿ ಕುಳಿತಿರುವ ಫಾದರ್‌ಗಳಲ್ಲೂ ನಮ್ಮ ವಿನಂತಿ: ಅದೇ ಪಾಪ ಹೊತ್ತು ವಾರಕ್ಕೆ ಮೂರು ಸಲ ಬರುವವರಿಗೆ ಇನ್ನೂ ಹತ್ತು ಜಪ ಕೊಡಬೇಡಿ, ಡಾಕ್ಟರರ ದಾರಿ ತೋರಿಸಿ.

ಒಂದು ಮನೆಯ ವಿಷಯ ಹೇಳುತ್ತೇವೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇವೆ. ಬಾಣಂತಿ, ಎರಡನೇ ಮಗು. ತರಕಾರಿ ಹೆಚ್ಚುವಾಗ "ಈ ಚಾಕು ಮಗುವಿಗೆ ಚುಚ್ಚಿಬಿಟ್ರೆ?" ಎಂಬ ಚಿತ್ರ ಕಣ್ಣಮುಂದೆ ಬಂತು. ಅಂದಿನಿಂದ ಚಾಕು, ಈಳಿಗೆಮಣೆ ಎಲ್ಲ ಪಕ್ಕದ ಮನೆ ಸೇರಿದವು. ಮಗುವಿಗೆ ಸ್ನಾನ ಮಾಡಿಸುವುದು ಅತ್ತೆಯ ಪಾಲಾಯಿತು. ಅತ್ತೆ ಗಾಳಿ ಸೋಂಕು ಎಂದು ತಾಯಿತ ಕಟ್ಟಿಸಿದರು. ಗಂಡ ಪಾಪ, ದಿನಕ್ಕೆ ಇಪ್ಪತ್ತು ಸಲ "ನೀನೇನೂ ಮಾಡಲ್ಲ ಕಣೇ" ಎನ್ನುತ್ತಿದ್ದ. ಆಕೆ ನಮ್ಮೆದುರು ಬಾಯಿಬಿಡಲು ನಾಲ್ಕು ಭೇಟಿ ಬೇಕಾಯಿತು. ಹೇಳಿದರೆ ಮಗುವನ್ನು ಕಿತ್ತುಕೊಳ್ಳುತ್ತಾರೆ ಎಂದು ಹೆದರಿದ್ದಳು. ಮಗುವಿನ ಮೇಲೆ ಪ್ರಾಣವಿಟ್ಟವಳಾದ್ದರಿಂದಲೇ ಆ ಯೋಚನೆ ಅವಳನ್ನು ಅಷ್ಟು ಸುಟ್ಟಿತ್ತು. ಗೀಳು ನಮಗೆ ಅತಿ ಪ್ರಿಯವಾದದ್ದನ್ನೇ ಹುಡುಕಿ ಚುಚ್ಚುತ್ತದೆ. ತಾಯಿಗೆ ಮಗು, ಭಕ್ತರಿಗೆ ದೇವರು.

ಆದರೆ ಕಾರ್ಯಕರ್ತೆಯರು ಇದನ್ನು ಚೆನ್ನಾಗಿ ನೆನಪಿಡಬೇಕು. ಬಾಣಂತಿ ನಿದ್ದೆಯಿಲ್ಲದೆ ಅಸಂಬದ್ಧ ಮಾತಾಡುತ್ತಿದ್ದರೆ, ಯಾರೋ ಕಿವಿಯಲ್ಲಿ ಹೇಳುತ್ತಾರೆ ಎಂದರೆ, ಮಗುವಿನಲ್ಲಿ ಸೈತಾನನಿದ್ದಾನೆ ಎಂದು ನಂಬಿದರೆ ಅದು ಗೀಳಲ್ಲ. ತಾಯಿ ಮಗುವನ್ನು ಒಂಟಿಯಾಗಿ ಬಿಡದೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಇಬ್ಬರನ್ನೂ ಜೊತೆಗೇ ಇಟ್ಟುಕೊಳ್ಳುವ ವಿಭಾಗವೂ ಇದೆ. ಯಾರಾದರೂ ನಿಜವಾಗಿ ಸಾಯಬೇಕು ಎಂದಾಗಲೂ ಹೀಗೇ, ಕಾಯುತ್ತಾ ಕೂರಬೇಡಿ.

ಈ ತಾಯಿಗೆ ಮನೋವೈದ್ಯರು ಮಾತ್ರೆ ಕೊಟ್ಟರು, ಜೊತೆಗೆ ಅಭ್ಯಾಸವನ್ನೂ ಕೊಟ್ಟರು. ಭಯ ಹುಟ್ಟಿಸುವುದರ ಎದುರು ಸ್ವಲ್ಪ ಸ್ವಲ್ಪವೇ ನಿಲ್ಲುವುದು, ಸಮಾಧಾನಕ್ಕಾಗಿ ಮಾಡುತ್ತಿದ್ದುದನ್ನು ಮಾಡದಿರುವುದು. 1966ರಲ್ಲಿ ಲಂಡನ್ನಿನ ವಿಕ್ಟರ್ ಮೇಯರ್ ವರದಿ ಮಾಡಿದಂದಿನಿಂದ ಈ ಚಿಕಿತ್ಸೆ ಬೆಳೆದು ಬಂದಿದೆ. ಮೊದಲು ಚಾಕು ಮನೆಗೆ ಬಂತು. ಆಮೇಲೆ ಮಗು ಹಜಾರದಲ್ಲಿ ಮಲಗಿದ್ದಾಗ ಒಂದು ಟೊಮೆಟೊ ಹೆಚ್ಚಿದಳು, ಕೈ ನಡುಗುತ್ತಿತ್ತು. ಕೆಲವು ವಾರಗಳ ನಂತರ ಮಗು ಅಡುಗೆಮನೆಯಲ್ಲೇ ಚಾಪೆಯ ಮೇಲಿತ್ತು. ಭಯ ಏರುತ್ತದೆ, ಏನೂ ಮಾಡದೆ ಇದ್ದರೆ ತಾನಾಗಿ ಇಳಿಯುತ್ತದೆ. ಅದನ್ನು ಮೈಯೇ ಕಲಿಯಬೇಕು.

ಯೋಚನೆಯನ್ನು ತಳ್ಳಿಬಿಡಿ ಎಂದು ಮಾತ್ರ ಯಾರಿಗೂ ಹೇಳಬೇಡಿ. ಔಷಧಿ ಕುಡಿಯುವಾಗ ಕೋತಿಯನ್ನು ನೆನೆಯಬೇಡ ಎಂದ ವೈದ್ಯನ ಕಥೆ ನಿಮಗೆ ಗೊತ್ತೇ ಇದೆ. ಬೀದಿನಾಯಿ ಬೊಗಳಿದಾಗ ಓಡಿದರೆ ಅಟ್ಟಿಸಿಕೊಂಡು ಬರುತ್ತದೆ, ಕಲ್ಲೆತ್ತಿದರೆ ಇನ್ನೂ ಬೊಗಳುತ್ತದೆ. ನಮ್ಮ ಪಾಡಿಗೆ ನಡೆಯಬೇಕು. "ಬಂತಪ್ಪಾ ಗೀಳಿನ ಯೋಚನೆ, ಇರಲಿ" ಎಂದು ರೊಟ್ಟಿ ತಟ್ಟುತ್ತಲೇ ಇರಿ. ಕೈ ತೊಳೆಯಲೇಬೇಕು ಅನ್ನಿಸಿದರೆ ಐದು ನಿಮಿಷ ತಡೆಯಿರಿ, ನಾಳೆ ಹತ್ತು. ಜಪಸರ ಹೇಳುವಾಗ ಮನಸ್ಸು ಜಾರಿದರೆ ಹಿಂದಕ್ಕೆ ಹೋಗಬೇಡಿ, ಮುಂದಿನ ಮಣಿಗೆ ಹೋಗಿ. ಮಾತೆ ಮರಿಯಮ್ಮ ಮಣಿ ಎಣಿಸುತ್ತಾ ಕೂತಿಲ್ಲ.

ಮನೆಯವರಿಗೆ ಇದು ಕಷ್ಟದ ಪಾಠ. ಉತ್ತರ ಕೊಡದಿರುವುದು ಕಟುಕತನ ಅನ್ನಿಸುತ್ತದೆ. ಹಾಗಾಗಿ ಮೊದಲೇ ಕೂತು ಮಾತಾಡಿ ಒಪ್ಪಂದ ಮಾಡಿಕೊಳ್ಳಬೇಕು. ಆ ಗಂಡ ಕಲಿತ ಮಾತು ಇದು: "ನಿಂಗೆ ಕಷ್ಟ ಆಗ್ತಿದೆ ಅಂತ ಗೊತ್ತು. ಆದ್ರೆ ಆ ಪ್ರಶ್ನೆಗೆ ಉತ್ತರ ಕೊಡಲ್ಲ ಅಂತ ಒಪ್ಪಿದೀವಲ್ಲ. ಬಾ, ಹಿತ್ತಲಿಗೆ ಹೋಗೋಣ." ಮೊದಮೊದಲು ಅತ್ತಳು, ಜಗಳವಾಡಿದಳು. ಅವನು ಬೈಯಲಿಲ್ಲ, ಉತ್ತರವನ್ನೂ ಕೊಡಲಿಲ್ಲ. ಈಗಲೂ ಯೋಚನೆ ಪೂರ್ತಿ ಹೋಗಿಲ್ಲ. ಮೊನ್ನೆ ಕೇಳಿದಾಗ "ಬರುತ್ತೆ ಸಿಸ್ಟರ್, ಬಂದು ಹೋಗುತ್ತೆ" ಎಂದಳು. ಮಗು ಅವಳ ಸೊಂಟದ ಮೇಲಿತ್ತು.

ಇನ್ನು ಮಾತ್ರೆಯ ವಿಷಯ. ಫ್ಲುಆಕ್ಸೆಟಿನ್, ಸರ್ಟ್ರಾಲಿನ್ ಮುಂತಾದವನ್ನು ಕೊಡುತ್ತಾರೆ. ಇವು ನಿದ್ದೆಗುಳಿಗೆಗಳಲ್ಲ. ಗೀಳಿಗೆ ಹಲವು ಸಲ ಖಿನ್ನತೆಗಿಂತ ಹೆಚ್ಚಿನ ಪ್ರಮಾಣ ಬೇಕಾಗುತ್ತದೆ, ಗುಣ ಕಾಣಲು 8ರಿಂದ 12 ವಾರ ಹಿಡಿಯಬಹುದು. ಹದಿನೈದು ದಿನಕ್ಕೆ "ಏನೂ ಆಗಲಿಲ್ಲ" ಎಂದು ಬಿಡುವವರೇ ಜಾಸ್ತಿ. ನಿಮ್ಮ ಮನೆ ಭೇಟಿ ಹೆಚ್ಚು ಉಪಯೋಗಕ್ಕೆ ಬರುವುದು ಆಗಲೇ. ಹಾಲೂಡಿಸುವ ತಾಯಂದಿರು ಅದನ್ನು ಡಾಕ್ಟರರಿಗೆ ಹೇಳಬೇಕು. ಚೆನ್ನಾದ ಮೇಲೂ ತಾವಾಗಿ ನಿಲ್ಲಿಸಬಾರದು.

ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ಹೋಗಬಹುದು. ನಿಮ್ಹಾನ್ಸ್‌ನಲ್ಲಿ ಗೀಳು ಕಾಯಿಲೆಗೆಂದೇ ಕ್ಲಿನಿಕ್ ಇದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್‌ಗೆ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಸಂಖ್ಯೆಯನ್ನು ನಿಮ್ಮ ಸಂಘದ ಲೆಕ್ಕದ ಪುಸ್ತಕದ ಹಿಂದೆ ಬರೆದುಕೊಳ್ಳಿ.

ಈಗ ಚಹಾ ಬಂದಿದೆ. ಪ್ರಶ್ನೆಗಳಿದ್ದರೆ ಇಲ್ಲೇ ಕೇಳಿ. ಎಲ್ಲರೆದುರು ಬೇಡ ಅನ್ನುವವರಿಗೆ ನಾವು ಊಟದ ನಂತರ ಹಿಂದಿನ ಕೊಠಡಿಯಲ್ಲಿ ಇರುತ್ತೇವೆ. ಚೀಟಿಯೂ ನಡೆಯುತ್ತದೆ.