ಬೀಗ ತೆಗೆಸೋಣ ಬನ್ನಿ

ಸಾಲಗಾಮೆಯ ತರುಣ ತರುಣಿಯರೇ, ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಊರೂರಿನ ಗೆಳೆಯರೇ, ನಿಮ್ಮೂರಿನ ಯುವಕ ಸಂಘದ ಕಟ್ಟಡದ ಬೀಗದ ಕೈ ಈಗ ಯಾರ ಹತ್ತಿರ ಇದೆ? ಗರಡಿಮನೆಯ ಕೆಮ್ಮಣ್ಣಿನ ಮಟ್ಟಿಯನ್ನು ಕಡೆಯ ಸಲ ಹದ ಮಾಡಿದ್ದು ಯಾವಾಗ? ಗೊತ್ತಿಲ್ಲವೇ? ಹಾಗಾದರೆ ಆ ಕಟ್ಟಡ ಆಗಲೇ ಅರ್ಧ ಬಿದ್ದಿದೆ. ಹೆಂಚು ಜಾರಿ, ಗೋಡೆ ನೆನೆದು, ಬಾಗಿಲ ಮುಂದೆ ಗಿಡ ಬೆಳೆದು, ಕಡತದಲ್ಲಿ ‘ಶಿಥಿಲ’ ಎಂದು ಬರೆದು, ಅದೇ ಜಾಗಕ್ಕೆ ಮಳಿಗೆಗಳ ನಕ್ಷೆಯೂ ತಯಾರಾದ ಮೇಲೆ ನಾವು ಕೂಗಿದರೆ ಯಾರಿಗೆ ಕೇಳೀತು? ಜೆಸಿಬಿ ಬರುವುದು ಕಡೆಗೆ. ಮೊದಲು ಬರುವುದು ನಮ್ಮ ಮರೆವು.

ಕೂಗಿ ಏನು ಪ್ರಯೋಜನ ಅನ್ನುವವರು ಬೆಂಗಳೂರಿನ ಅಠಾರಾ ಕಚೇರಿಯನ್ನು ನೋಡಲಿ. 1868ರಲ್ಲಿ ಪೂರ್ಣಗೊಂಡ ಆ ಕೆಂಪು ಕಟ್ಟಡವನ್ನು 1980ರ ದಶಕದಲ್ಲಿ ಕೆಡವಲು ಹೊರಟಿದ್ದರು. ಜನ ಎದ್ದರು. ಉಳಿಸಿ ಎಂಬ ಅಹವಾಲನ್ನು ಅದೇ ಕಟ್ಟಡದಲ್ಲಿದ್ದ ಹೈಕೋರ್ಟಿಗೇ ಒಯ್ದರು, ಪತ್ರಿಕೆಗಳಲ್ಲಿ ಬರೆದರು, ಪಟ್ಟು ಬಿಡಲಿಲ್ಲ. ಇಂದಿಗೂ ಹೈಕೋರ್ಟು ಅಲ್ಲೇ ಇದೆ.

ಅದು ರಾಜಧಾನಿ, ನಮ್ಮದು ಹಳ್ಳಿ ಅನ್ನಬೇಡಿ. ಸಾಗರ ತಾಲ್ಲೂಕಿನ ಹೆಗ್ಗೋಡು ಎಷ್ಟು ದೊಡ್ಡ ಊರು? 1949ರಲ್ಲಿ ಅಲ್ಲಿ ನೀನಾಸಂ ಎಂಬ ನಾಟಕ ಸಂಘ ಹುಟ್ಟಿದಾಗ, ಅದನ್ನು ಕಟ್ಟಿ ಬೆಳೆಸಿದ ಕೆ.ವಿ. ಸುಬ್ಬಣ್ಣನವರಿಗೆ 17ರ ಪ್ರಾಯ. ನಿಮ್ಮದೇ ವಯಸ್ಸು! ಊರಿನವರು ಸೇರಿ ಆಡಿದ ನಾಟಕ, ನಡೆಸಿದ ಚರ್ಚೆ, ನೋಡಿದ ಸಿನಿಮಾ ಬೆಳೆಯುತ್ತಾ ಬೆಳೆಯುತ್ತಾ 1972ರಲ್ಲಿ ಶಿವರಾಮ ಕಾರಂತ ರಂಗಮಂದಿರವಾಯಿತು, 1980ರಲ್ಲಿ ರಂಗಶಿಕ್ಷಣ ಕೇಂದ್ರವಾಯಿತು, 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಹೇಮಾವತಿಯ ನೀರು ಕುಡಿದ ನಮ್ಮಲ್ಲಿ ಆ ಕಸುವು ಇಲ್ಲವೇ? ಇದೆ. ಕೂಡಲು ಒಂದು ಸೂರು ಬೇಕು. ಆ ಸೂರನ್ನು ಹಿರಿಯರು ಕೊಟ್ಟು ಹೋಗಿದ್ದಾರೆ.

ಆದರೆ ಅಭಿಮಾನವೊಂದೇ ಗೋಡೆಯನ್ನು ಹಿಡಿದು ನಿಲ್ಲಿಸುವುದಿಲ್ಲ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ನಾಲ್ವರು ಸತ್ತರು. ಹಾಗಾಗಿ ಒಳಗೆ ಕಾಲಿಡುವ ಮುಂಚೆ ಎಂಜಿನಿಯರ್ ಕರೆಸಿ, ತೊಲೆ, ಗೋಡೆ, ಪಾಯ ತೋರಿಸಿ. ರಿಪೇರಿಯಾಗುವಂಥದ್ದಾದರೆ ಹಾಗೆಂದು ಬರೆಸಿಕೊಳ್ಳಿ. ಜಾಗ ಯಾರ ಹೆಸರಿನಲ್ಲಿದೆ? ಕೆಡವಲು ನಿರ್ಣಯ ಆಗಿದೆಯೇ? 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದರೆ 30 ದಿನದೊಳಗೆ ಉತ್ತರ ಕೊಡಲೇಬೇಕು. ಕಟ್ಟಡ ಭದ್ರವಾದ ಮೇಲೆ ಬಾಗಿಲು ಮುಚ್ಚಲು ಬಿಡಬೇಡಿ. ಬೆಳಿಗ್ಗೆ ಕಸರತ್ತು, ಸಂಜೆ ಪರೀಕ್ಷೆಗೆ ಓದು, ರಾತ್ರಿ ನಾಟಕದ ತಾಲೀಮು. ಹೆಣ್ಣುಮಕ್ಕಳೇ, ಇಷ್ಟು ಕಾಲ ನೀವು ಹೊರಗೇ ನಿಂತಿರಿ. ಇನ್ನು ಆ ಬಾಗಿಲು ನಿಮಗೂ ತೆರೆಯಬೇಕು. ದಿನವೂ ಜನ ತುಂಬಿದ ಮನೆಯನ್ನು ಪಾಳು ಎಂದು ಯಾರು ಕರೆದಾರು?

ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ನಡೆಯಬೇಕೆಂಬುದು ಕಾನೂನು. ಮುಂದಿನ ಸಭೆಗೆ ಒಬ್ಬಿಬ್ಬರಲ್ಲ, ಎಲ್ಲರೂ ಹೋಗಿ. ನಮ್ಮ ಕಟ್ಟಡ ಉಳಿಸಿ ಎಂದು ಎದ್ದು ನಿಂತು ಕೇಳಿ, ಅದನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಸಹಿ ಬಿದ್ದ ಮೇಲೆಯೇ ಜಾಗ ಬಿಟ್ಟು ಏಳಿ.