ಕುರಿಗೊಬ್ಬರವೂ ಬಯಲುಸೀಮೆಯ ಮಣ್ಣೂ
(ಪಡೀಲಿನಲ್ಲಿ ಮಾಡಿದ ಭಾಷಣದ ಸಾರಾಂಶ)



ಈ ಜಿಲ್ಲೆಯ ಅಡಿಕೆ ತೋಟಗಳಿಗೆ ಘಟ್ಟದ ಮೇಲಿನಿಂದ ಲಾರಿಗಳಲ್ಲಿ ಕುರಿಗೊಬ್ಬರ ಬರುವುದುಂಟು. ಅದು ಹೊರಡುವ ನಾಡಿನ ಸ್ಥಿತಿಯನ್ನೂ ನಾವು ಅರಿಯಬೇಕು. ಇಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಮಿಕ್ಕಿ ಮಳೆ. ಚಳ್ಳಕೆರೆಯಲ್ಲಿ 500 ಮಿ.ಮೀ. ಆಸುಪಾಸು. ಅಲ್ಲಿ ಅನೇಕ ಬಡವರಿಗೆ ಕುರಿಯೇ ಜೀವನಾಧಾರ.

ಆದರೆ ಮೇವಿನ ನೆಲ ಕಿರಿದಾಗಿದೆ. ಚಳ್ಳಕೆರೆಯ ಅಮೃತಮಹಲ್ ಕಾವಲಿನಲ್ಲಿ 8,000 ಎಕರೆಗೂ ಹೆಚ್ಚು ಭೂಮಿ 2008ರಿಂದೀಚೆಗೆ ರಕ್ಷಣೆ, ಅಣುಶಕ್ತಿ ಮೊದಲಾದ ಸಂಶೋಧನಾ ಸಂಸ್ಥೆಗಳಿಗೆ ಹೋಯಿತು. ಉಳಿದ ಜಾಗದಲ್ಲಿ ಅಷ್ಟೇ ಕುರಿ ಮೇದರೆ ಹುಲ್ಲು ಬೀಜ ಕಟ್ಟುವುದಿಲ್ಲ; ಬರಿದಾದ ಮಣ್ಣು ಬಿರುಮಳೆಗೆ ಕೊಚ್ಚಿಹೋಗುತ್ತದೆ. ಗೊಬ್ಬರವೂ ಲಾರಿ ಹತ್ತಿದರೆ ಹೊಲಕ್ಕೆ ಸಾರ ಮರಳುವುದೆಂತು?

ಅಲ್ಲಿ ಆಗಬೇಕಾದ ಕೆಲಸಗಳು ಇವು:

1. ಕಾವಲನ್ನು ಭಾಗ ಮಾಡಿ, ಸರದಿಯಂತೆ ಒಂದೊಂದು ಭಾಗಕ್ಕೆ ಮಳೆಗಾಲದಲ್ಲಿ ಬಿಡುವು ಕೊಡುವುದು.
2. ಅಂಜನ್ ಹುಲ್ಲು, ಸ್ಟೈಲೋ ಬಿತ್ತುವುದು.
3. ಹೊಲದಲ್ಲಿ ಕುರಿಮಂದೆ ತರುಬಿಸಿ, ಕುರಿಗಾಹಿಗೆ ಕಾಳು, ಹಣ ಕೊಡುವ ಹಳೆಯ ಪದ್ಧತಿಯನ್ನು ಬಲಪಡಿಸುವುದು. ಗೊಬ್ಬರದ ಆದಾಯ ಆತನಿಗೆ ತಪ್ಪಬಾರದು.

ನಾವೂ ಅಡಿಕೆ ಸೋಗೆ, ಗ್ಲಿರಿಸಿಡಿಯ ಸೊಪ್ಪು, ಸಗಣಿ ಸೇರಿಸಿ ತೋಟದಲ್ಲೇ ಕಾಂಪೋಸ್ಟ್ ಮಾಡೋಣ. ಅದರಿಂದ ನಮ್ಮ ಖರ್ಚೂ ಇಳಿಯುತ್ತದೆ, ಬಯಲುಸೀಮೆಯ ಮಣ್ಣೂ ಉಳಿಯುತ್ತದೆ.